ಚೀಟಿ ನೋಡಿ ಪಾನೀಯ ಕೊಳ್ಳಿರಿ



ಬೀಜದ ಚೀಲ ಕೊಳ್ಳುವಾಗ ತಿಳಿದ ರೈತನು ಅದಕ್ಕೆ ಹೊಲಿದ ಚೀಟಿಯನ್ನು ಮೊದಲು ನೋಡುತ್ತಾನೆ. ತಳಿ ಯಾವುದು, ಮೊಳಕೆಯ ಪ್ರಮಾಣವೆಷ್ಟು ಎಂದು ಓದಿಯೇ ಹಣ ಕೊಡುತ್ತಾನೆ. ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ವಿಷದ ತೀವ್ರತೆಯನ್ನು ಅಕ್ಷರ ಬಾರದವರಿಗೂ ತಿಳಿಸುತ್ತವೆ. ಆದರೆ ಅದೇ ರೈತನು ಮಕ್ಕಳಿಗೆ ತಂಪು ಪಾನೀಯ ಕೊಡಿಸುವಾಗ ಬಾಟಲಿಯ ಚೀಟಿಯನ್ನು ನೋಡುವುದು ಅಪರೂಪ.

ಮುಂಡಗೋಡ ತಾಲೂಕಿನ ಚಿಗಳ್ಳಿಯಂಥ ಊರುಗಳಲ್ಲಿ ಭತ್ತದ ಕೊಯ್ಲು, ಗೋವಿನಜೋಳದ ತೆನೆ ಮುರಿಯುವ ಕೆಲಸ ನಡೆದಾಗ ದಣಿದವರ ಕೈಗೆ ಇಂಥ ಬಾಟಲಿ ಸುಲಭವಾಗಿ ಬರುತ್ತದೆ. ಸಾಮಾನ್ಯ ಕೋಲಾ ಪಾನೀಯದ 100 ಮಿ.ಲೀ.ನಲ್ಲಿ ಸುಮಾರು 10 ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿಯಲ್ಲಿ ಆರು ಚಹಾ ಚಮಚ, 600 ಮಿ.ಲೀ. ಬಾಟಲಿಯಲ್ಲಿ ಹದಿನಾರು ಚಮಚ ಸಕ್ಕರೆ ಆಯಿತು. ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಸಾರ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯು 2023ರಲ್ಲಿ ತಿಳಿಸಿದೆ.

ಅಂಗಡಿಯಲ್ಲಿ ಫಲಕ ಹಾಕಿದರೆ ಜನ ಬದಲಾಗುವರೇ? ಅಮೆರಿಕದ ಬಾಲ್ಟಿಮೋರ್ ನಗರದ ಆರು ಸಣ್ಣ ಅಂಗಡಿಗಳಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. "ಈ ಬಾಟಲಿಯಲ್ಲಿ 16 ಚಮಚ ಸಕ್ಕರೆ ಇದೆ", "ಇದನ್ನು ಕರಗಿಸಲು 5 ಮೈಲಿ ನಡೆಯಬೇಕು" ಎಂಬಂಥ ಫಲಕಗಳನ್ನು ತೂಗುಹಾಕಿದ್ದರು. ಹದಿಹರೆಯದವರು ಕೊಂಡ ಪಾನೀಯಗಳಲ್ಲಿ ಸಿಹಿ ಪಾನೀಯಗಳ ಪಾಲು ಶೇ. 98 ರಿಂದ 89ಕ್ಕೆ ಇಳಿಯಿತು. ದೊಡ್ಡ ಬಾಟಲಿ ಕೊಳ್ಳುವವರೂ ಕಡಿಮೆಯಾದರು. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ ಹೆಚ್ಚಿರುವ ಪದಾರ್ಥಗಳ ಮುಂಭಾಗದಲ್ಲಿ ಕಪ್ಪು ಎಂಟುಮೂಲೆಯ ಎಚ್ಚರಿಕೆ ಕಡ್ಡಾಯ. ಜಾಹೀರಾತಿಗೂ ಕಡಿವಾಣ ಬಿದ್ದ ಆ ಕ್ರಮದ ನಂತರ ಇಂಥ ಪಾನೀಯಗಳ ಖರೀದಿ ಸುಮಾರು ನಾಲ್ಕನೆಯ ಒಂದು ಭಾಗ ತಗ್ಗಿತು. ಫಲಕದಿಂದ ಎಲ್ಲರೂ ಬದಲಾಗುವುದಿಲ್ಲ, ಕೆಲವರಾದರೂ ಬದಲಾಗುತ್ತಾರೆ.

ನಮ್ಮ ದೇಶದ 2020ರ ನಿಯಮದಂತೆ ಸಕ್ಕರೆಯ ಪ್ರಮಾಣವನ್ನು ಚೀಟಿಯಲ್ಲಿ ಕಾಣಿಸಬೇಕು. ಆದರೆ ಅದು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಅಕ್ಷರಗಳೂ ಬಲು ಸಣ್ಣವು. ಆದುದರಿಂದ ಊರಿನವರೇ ಮಾಡಬಹುದಾದ ಕೆಲಸಗಳಿವೆ:

1. ಚೀಟಿಯಲ್ಲಿ 100 ಮಿ.ಲೀ.ಗೆ ಎಷ್ಟು ಗ್ರಾಂ ಸಕ್ಕರೆ ಎಂದು ನೋಡಿರಿ. ಬಾಟಲಿಯ ಅಳತೆಯಿಂದ ಗುಣಿಸಿ, ನೂರರಿಂದ ಭಾಗಿಸಿ, ಮತ್ತೆ ನಾಲ್ಕರಿಂದ ಭಾಗಿಸಿದರೆ ಚಮಚದ ಲೆಕ್ಕ ಸಿಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಈ ಲೆಕ್ಕ ಮಾಡಿಸಿರಿ.

2. ಅಂಗಡಿಯವರ ಒಪ್ಪಿಗೆ ಪಡೆದು, ಈ ಲೆಕ್ಕವನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ತೂಗುಹಾಕಿರಿ. ಮಹಿಳಾ ಸಂಘಗಳು ಇದಕ್ಕೆ ಮುಂದಾಗಬಹುದು.

3. ಹೊಲದ ಕೆಲಸಕ್ಕೆ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಒಯ್ಯಿರಿ. ಕಬ್ಬಿನ ಹಾಲಿನಲ್ಲಿಯೂ, ಬೆಲ್ಲದ ಪಾನಕದಲ್ಲಿಯೂ ಇರುವುದು ಸಕ್ಕರೆಯೇ ಎಂಬುದನ್ನು ಮರೆಯಬೇಡಿರಿ.

ಹಳಿಯಾಳ, ಮುಂಡಗೋಡ ಭಾಗದಲ್ಲಿ ಕಬ್ಬು ಬೆಳೆಯುವವರಿಗೆ ಈ ಮಾತು ಕಹಿ ಎನಿಸಬಹುದು. ಆದರೆ ಬೆಳೆಯ ಲಾಭ ಔಷಧದ ಅಂಗಡಿಗೆ ಹೋದರೆ ಮನೆಗೆ ಉಳಿಯುವುದೇನು? ಬೀಜ ಕೊಳ್ಳುವಾಗಿನ ಎಚ್ಚರ ಪಾನೀಯ ಕೊಳ್ಳುವಾಗಲೂ ಇರಲಿ.