ದುದ್ದದ ಮಕ್ಕಳು ದಡ್ಡರಲ್ಲ

(ದುದ್ದದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು)



ಹಾಸನದ ಕಾಲೇಜಿಗೆ ಸೇರಿದಾಗ ಊರ ಹೆಸರು ಕೇಳಿದವರು 'ದುದ್ದವೋ ದಡ್ಡವೋ' ಎಂದು ನಕ್ಕಿದ್ದರು. ನಾವೂ ನಕ್ಕು ಸುಮ್ಮನಾದೆವು. ಇವತ್ತು ಆ ಎರಡನೇ ಮಾತಿನ ಬಗ್ಗೆಯೇ ಮಾತಾಡಬೇಕಾಗಿದೆ.

ರಜೆಯಲ್ಲಿ ನಾವು ನಾಲ್ಕು ಜನ ಕೇರಿಯ ಮಕ್ಕಳಿಗೆ ರಾತ್ರಿ ಪಾಠ ಶುರುಮಾಡಿದೆವು. ಮೂರನೇ ಕ್ಲಾಸಿನ ಒಬ್ಬ ಹೈದ ಎರಡಕ್ಷರ ಬರೆದು ಹೊರಗಿನ ನಾಯಿ ನೋಡುತ್ತಿದ್ದ, ಹೇಳಿದ್ದು ಮುಗಿಯುವ ಮೊದಲೇ ಎದ್ದು ಓಡುತ್ತಿದ್ದ. ಮೂರನೇ ದಿನ ಹೊಡೆದುಬಿಟ್ಟೆವು. 'ನಿನ್ ಮಂಡೇಲಿ ಏನೈತ್ಲಾ' ಅಂದೆವು. ಹೈದ ಅಳಲಿಲ್ಲ. 'ಏನೂ ಇಲ್ಲ ಕಣಣ್ಣ, ಮೇಷ್ಟ್ರೂ ಹಂಗೇ ಅಂತಾರೆ' ಅಂದ. ಮರುದಿನದಿಂದ ಬರಲಿಲ್ಲ. ಹೊಟ್ಟೆನೋವು ಅಂತೆ.

ಹೊಡೆದವರು ಮೇಲ್ಜಾತಿಯವರಲ್ಲ, ಹಾಸ್ಟೆಲ್ ಅನ್ನ ತಿಂದು ಬಿ.ಎ. ಮಾಡಿದ ನಾವು. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ ಎಂದು ಭಾಷಣ ಮಾಡುವವರೂ ನಾವೇ!

ಬಾಬಾಸಾಹೇಬರು ಸಾತಾರದ ಶಾಲೆಯ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು ಓದಿದರು. ಜವಾನ ಇಲ್ಲದ ದಿನ ಅವರಿಗೆ ನೀರೂ ಇರಲಿಲ್ಲ. ಇದನ್ನು ಹೇಳಿ 'ನೀನೂ ಹಂಗೇ ಓದ್ಲಾ' ಅನ್ನುತ್ತೇವೆ. ಆ ಹೊರೆಯನ್ನು ಎಂಟು ವರ್ಷದ ಹೆಗಲಿಗೆ ಹೊರಿಸುವುದು ಯಾವ ನ್ಯಾಯ?

ಗಮನ ನಿಲ್ಲದಿರಲು ಹಸಿವಿದೆ, ಸೋರುವ ಕಿವಿಯಿದೆ, ಅಪ್ಪ ಕುಡಿದು ಬಂದ ನಿದ್ದೆಗೆಟ್ಟ ರಾತ್ರಿಯಿದೆ. ಆಲೂಗೆಡ್ಡೆ ಕೀಳುವ ಕಾಲದಲ್ಲಿ ಶಾಲೆ ತಪ್ಪಿದ ವಾರಗಳಿವೆ. ರಕ್ತಹೀನತೆಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ಅದಿತ್ತು. ಇದನ್ನೆಲ್ಲ ನಾವು ಹೇಳುತ್ತಲೇ ಬಂದಿದ್ದೇವೆ.

ಹೇಳದೆ ಬಿಟ್ಟದ್ದು ಒಂದಿದೆ. ಹೊಟ್ಟೆ ತುಂಬಿದರೂ, ಜಾತಿ ಅಳಿದರೂ ಕೆಲವು ಮಕ್ಕಳ ಗಮನ ನಿಲ್ಲುವುದಿಲ್ಲ. ಅದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಡಾಕ್ಟರು ಎ.ಡಿ.ಎಚ್.ಡಿ. ಅನ್ನುತ್ತಾರೆ. ಒಂದು ದಿನದ ತುಂಟಾಟಕ್ಕೆ ಆ ಹೆಸರಿಲ್ಲ, ಮನೆಯಲ್ಲೂ ಶಾಲೆಯಲ್ಲೂ ತಿಂಗಳುಗಟ್ಟಲೆ ಕಾಣಬೇಕು. ಓಡಾಡುವ ಹುಡುಗ ಕಣ್ಣಿಗೆ ಬೀಳುತ್ತಾನೆ. ಕಿಟಕಿ ನೋಡುತ್ತ ಸುಮ್ಮನೆ ಕೂತ ಹುಡುಗಿಯನ್ನು ಕೇಳುವವರಿಲ್ಲ. ದಿನಾ ಬೈಗುಳ ತಿಂದು ಇಂಥ ಮಕ್ಕಳು ಖಿನ್ನತೆಗೆ ಬೀಳುವುದೂ ಉಂಟು. ಚಿಕ್ಕವರ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ. ಸಿಡಿಮಿಡಿ, ಆಟ ಬಿಡುವುದು, ತಲೆನೋವು, ಹೊಟ್ಟೆನೋವು. ಆ ಹೈದನ ಹೊಟ್ಟೆನೋವನ್ನು ನಾವು ಕಳ್ಳನೆಪ ಅಂದುಕೊಂಡಿದ್ದೆವು.

ಉಳ್ಳವರ ಮಗುವಿಗೆ ಹೀಗಾದರೆ ಡಾಕ್ಟರ ಚೀಟಿ ಸಿಗುತ್ತದೆ, ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಸಿಗುತ್ತದೆ. ನಮ್ಮ ಮಗುವಿಗೆ ಕುರಿ ಕಾಯುವ ಕೋಲು ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಆದರೆ ಆ ಹಕ್ಕು ಕೇರಿಗೆ ಬರಬೇಕಾದರೆ ಯಾರಾದರೂ ಮಗುವಿನ ಕೈಹಿಡಿದು ಬಸ್ಸು ಹತ್ತಬೇಕು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಟೆಲಿ ಮಾನಸ್ ಎಂದು 2022ರಲ್ಲಿ ಶುರುವಾದ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮೊನ್ನೆ ಹೈದನ ಮನೆಗೆ ಹೋಗಿ ತಪ್ಪಾಯಿತು ಅಂದೆವು. 'ಬುಡ್ರಪ್ಪ, ಓದ್ದೋರು ನೀವು, ಹೊಡುದ್ರೆ ತಪ್ಪೇನು' ಅಂದರು ಅವನವ್ವ. ನಮಗೆ ತಲೆ ಎತ್ತಲಾಗಲಿಲ್ಲ. ಬರುವ ಮಂಗಳವಾರ ಅವನನ್ನು ಹಾಸನಕ್ಕೆ ಕರೆದುಕೊಂಡು ಹೋಗುವುದೆಂದಾಗಿದೆ. ಅವ್ವನ ಒಂದು ದಿನದ ಕೂಲಿ ಹೋಗುತ್ತದೆ, ಅಷ್ಟನ್ನು ಚಂದಾ ಎತ್ತಿದ್ದೇವೆ. ಜೊತೆಗೆ ಇನ್ನಿಬ್ಬರು ಬೇಕು. ಯಾರು ಬರುತ್ತೀರಿ?