ರೈತರ ಕಣ್ಣು: ಯಾವುದು ಕಾಯಬಹುದು, ಯಾವುದು ಕಾಯಲಾರದು

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟರು ರಾಗಿ, ಕಡಲೆಕಾಯಿಯ ವಿಚಾರ ಬಿಟ್ಟು ಕಣ್ಣಿನ ವಿಚಾರಕ್ಕೆ ಏಕೆ ಕೈ ಹಾಕಿದರೆಂದು ನಿಮಗೆ ಅನಿಸಬಹುದು. ನನ್ನ ಹೆಸರಿನ ಹಿಂದಿರುವ ‘ಡಾಕ್ಟರ್’ ಬೆಳೆಗಳಿಂದ ಬಂದದ್ದು. ಕಣ್ಣಿಗೆ ಔಷಧಿ ಬರೆಯುವ ಅಧಿಕಾರ ನನಗಿಲ್ಲ. ಆದರೆ ಕಳೆದ ವರ್ಷ ಒಂದು ಹೊಲದಲ್ಲಿ ಸಿಂಪರಣೆಯ ಪ್ರಾತ್ಯಕ್ಷಿಕೆ ತೋರಿಸುವಾಗ ಬಾಟಲಿಯ ಚೀಟಿಯಲ್ಲಿ ಲೀಟರಿಗೆ 2.5 ಮಿ.ಲೀ. ಎಂದಿದ್ದುದನ್ನು, ನಡುವಿನ ಚುಕ್ಕೆ ಕಾಣದೆ, 25 ಎಂದು ಓದಿಬಿಟ್ಟೆ. ಅಳತೆ ಬಾಯಿಪಾಠವಾಗಿದ್ದುದರಿಂದ ತಪ್ಪು ಕೂಡಲೆ ತಿಳಿಯಿತು. ಆ ಔಷಧಿಯನ್ನು ಮೊದಲ ಸಲ ಕೊಂಡ ರೈತರಾಗಿದ್ದರೆ ಹತ್ತು ಪಾಲು ವಿಷ ಪಂಪಿಗೆ ಬೀಳುತ್ತಿತ್ತು.

ನನಗೆ ಬಂದಿದ್ದುದು ಚಾಳೀಸು. ಕಣ್ಣಿನೊಳಗಿನ ಮಸೂರ ನಲವತ್ತರ ಸುಮಾರಿಗೆ ಬಿಗಿಯಾಗುತ್ತ ಬರುತ್ತದೆ. ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಇದು ರೋಗವಲ್ಲ, ಉಬ್ಬು ಗಾಜಿನ ಕನ್ನಡಕ ಸಾಕು. ಜಾತ್ರೆಯಲ್ಲಿ ಮಾರುವ ಸಿದ್ಧ ಕನ್ನಡಕದಿಂದ ಕಣ್ಣು ಹಾಳಾಗುವುದಿಲ್ಲ. ಆದರೆ ಅದರ ಎರಡೂ ಗಾಜಿನ ಶಕ್ತಿ ಒಂದೇ. ನಿಮ್ಮ ಎರಡು ಕಣ್ಣು ಒಂದೇ ಸಮನಾಗಿರಬೇಕೆಂದಿಲ್ಲ. ಪರೀಕ್ಷೆಗೆ ಹೋದರೆ ಒಳಗೆ ಬೇರೆ ಕಾಯಿಲೆ ಇದ್ದರೂ ಗೊತ್ತಾಗುತ್ತದೆ.

ಇನ್ನು ಪೊರೆ. ಮಸೂರವೇ ಮಬ್ಬಾಗುವುದಕ್ಕೆ ಪೊರೆ ಎನ್ನುತ್ತೇವೆ. ಇದನ್ನು ಕರಗಿಸುವ ಹನಿಯಾಗಲಿ ಮಾತ್ರೆಯಾಗಲಿ ಇಲ್ಲ, ಶಸ್ತ್ರಕ್ರಿಯೆಯೊಂದೇ ದಾರಿ. ಡಾ. ಎಂ. ಸಿ. ಮೋದಿಯವರು (1916–2005) ಊರೂರಲ್ಲಿ ಶಿಬಿರ ನಡೆಸಿ ಪೊರೆ ತೆಗೆಯುತ್ತಿದ್ದುದನ್ನು ಹಿರಿಯರು ನೆನೆಯುತ್ತಾರೆ. ಆ ಕಾಲದಲ್ಲಿ ಮಸೂರ ತೆಗೆದ ಮೇಲೆ ಸೋಡಾಬುಡ್ಡಿಯಂಥ ದಪ್ಪ ಕನ್ನಡಕ ಹಾಕಬೇಕಾಗಿತ್ತು. ಈಗ ತೆಗೆದ ಜಾಗದಲ್ಲೇ ಕೃತಕ ಮಸೂರ ಕೂರಿಸುತ್ತಾರೆ. ಬಹುಮಟ್ಟಿಗೆ ಅದೇ ದಿನ ಅಥವಾ ಮಾರನೆಯ ದಿನ ಮನೆಗೆ ಕಳಿಸುತ್ತಾರೆ. ‘ಪೊರೆ ಹಣ್ಣಾಗಲಿ’ ಎಂದು ಕಾಯುವ ಪದ್ಧತಿ ಹಳೆಯದು. ತೀರ ಹಣ್ಣಾದ ಪೊರೆ ಕಣ್ಣೊಳಗಿನ ಒತ್ತಡ ಏರಿಸಿ ಕಣ್ಣನ್ನೇ ಕೆಡಿಸಬಹುದು. ‘ಬೇಸಿಗೆಯಲ್ಲಿ ಬೇಡ’ ಎಂಬುದಕ್ಕೂ ಆಧಾರವಿಲ್ಲ. ಲೆಕ್ಕ ಹಾಕಬೇಕಾದುದು ನಿಮ್ಮ ಕೆಲಸದ ಕಾಲವನ್ನು ಮಾತ್ರ. ಶಸ್ತ್ರಕ್ರಿಯೆಯಾದ ಮೇಲೆ ನಾಲ್ಕಾರು ವಾರ ಹನಿ ಬಿಡಬೇಕು. ವೈದ್ಯರು ಹೇಳಿದಷ್ಟು ದಿನ ಭಾರ ಎತ್ತದೆ, ದೂಳಿಗೆ ಹೋಗದೆ, ಕಣ್ಣಿಗೆ ನೀರು ಸೋಕಿಸದೆ ಇರಬೇಕು. ಆದುದರಿಂದ ರಾಗಿ ಒಕ್ಕಣೆ ಮುಗಿಸಿ ಹೋದರೆ ತಪ್ಪಿಲ್ಲ. ಪೊರೆ ಒಂದು ಸುಗ್ಗಿಯ ಮಟ್ಟಿಗೆ ಕಾಯುತ್ತದೆ. ಆದರೆ ಪೊರೆ ಇರುವ ಕಣ್ಣು ಕೆಂಪಾಗಿ ನೋವು ಬಂದರೆ ಅಂದೇ ಹೊರಡಿ.

ಕಾಯದೇ ಇರುವುದು ಕಣ್ಣಿನ ಗಾಯ. ನಾನು ಬಂದಿರುವುದು ಮುಖ್ಯವಾಗಿ ಇದನ್ನು ಹೇಳಲು.

ಪಾವಗಡದಲ್ಲಿ ಕಡಲೆಕಾಯಿ ಬಿಡಿಸುವಾಗ ಸಿಡಿಯುವ ಮಣ್ಣು, ಕೊರಟಗೆರೆ, ಮಧುಗಿರಿಯಲ್ಲಿ ಮುಖ ಮೇಲೆತ್ತಿ ಹುಣಸೆ ಬಡಿಯುವವರ ಮೇಲೆ ಉದುರುವ ಕಸ, ಶಿರಾ ಕಡೆ ಬಳ್ಳಾರಿ ಜಾಲಿ ಕಡಿಯುವಾಗ ತಗಲುವ ಮುಳ್ಳು, ಎಲ್ಲ ಕಡೆಯೂ ರಾಗಿ ತೂರುವಾಗ ಹಾರುವ ಹೊಟ್ಟು: ಇವು ಕರಿಗುಡ್ಡೆಯ ಮೇಲಿನ ತಿಳಿ ಪಟಲವನ್ನು ಗೀರುತ್ತವೆ. ಗೀರು ಸಣ್ಣದು. ಅದರೊಳಕ್ಕೆ ಹೋಗುವ ಶಿಲೀಂಧ್ರ ಮಾತ್ರ ಸಣ್ಣದಲ್ಲ. ತೊಗರಿಗೆ ಸೊರಗು ರೋಗ ತರುವ ಫ್ಯುಸೇರಿಯಂ, ಕಡಲೆಕಾಯಿಯ ಬುಡ ಕೊಳೆಸುವ ಆಸ್ಪರ್ಜಿಲ್ಲಸ್ ನಿಮಗೆ ಪರಿಚಿತ. ಕಣ್ಣಿನ ಹುಣ್ಣಿನಲ್ಲೂ ವೈದ್ಯರಿಗೆ ಹೆಚ್ಚಾಗಿ ಸಿಗುವುದು ಇವೇ. ಪ್ರಭೇದ ಬೇರೆ ಇರಬಹುದು, ಕುಲ ಒಂದೇ. ಹೊಲದಲ್ಲಿ ಒಂದು ಗಿಡ ಹೋದರೆ ಮತ್ತೊಂದು ಇರುತ್ತದೆ. ಕಣ್ಣಿನಲ್ಲಿ ಹುಣ್ಣು ಮಾಗಿದ ಮೇಲೂ ನೀವು ‘ಹೂವು ಬಿದ್ದಿದೆ’ ಎನ್ನುವ ಬಿಳಿಯ ಕಲೆ ಉಳಿದು ನೋಟ ಮರೆಯಾಗುತ್ತದೆ.

ಹಳ್ಳಿಯಲ್ಲಿ ಮೊದಲು ನಡೆಯುವ ಚಿಕಿತ್ಸೆ ಯಾವುದು? ನಾಲಿಗೆಯಿಂದ ಕಸ ತೆಗೆಸುವುದು, ಎದೆಹಾಲು ಹಿಂಡುವುದು, ಸೊಪ್ಪಿನ ರಸ ಬಿಡುವುದು. ಕೊಡುವವರ ಮನಸ್ಸು ಒಳ್ಳೆಯದೇ. ಆದರೂ ಇವು ಗಾಯಕ್ಕೆ ಸೋಂಕನ್ನು ಕೈಯಾರೆ ಹಾಕಿದಂತೆ. ಇನ್ನೊಂದು ಅಪಾಯ, ಚೀಟಿಯಿಲ್ಲದೆ ಅಂಗಡಿಯಿಂದ ತರುವ ಸ್ಟಿರಾಯ್ಡ್ ಬೆರೆತ ಹನಿ. ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ. ಹುಣ್ಣಾದ ಮೇಲೆ ನಾಟಮೈಸಿನ್‌ನಂಥ ಶಿಲೀಂಧ್ರನಾಶಕ ಹನಿಯನ್ನು ವಾರಗಟ್ಟಲೆ ಬಿಡಬೇಕಾಗುತ್ತದೆ. ಆಗಲೂ ಪೂರ್ತಿ ನೋಟ ಬರುವ ಭರವಸೆ ಇಲ್ಲ.

ಬೇಗ ಹೋದರೆ ಎಷ್ಟು ವ್ಯತ್ಯಾಸ ನೋಡಿ. ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಣ್ಣು ಗೀರಿಕೊಂಡವರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಶೇಕಡಾ 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. ಗಾಯವಾದ 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು, ಎರಡನೆಯ ದಿನದೊಳಗೆ ಬಂದ 49 ಜನರಲ್ಲಿ 14 ಜನರಿಗೆ ಹುಣ್ಣಾಯಿತು. ‘ನಾಳೆ ಸಂತೆಗೆ ಹೋದಾಗ ತೋರಿಸೋಣ’ ಎಂಬ ಮಾತಿನ ಬೆಲೆ ಅದು. ಆಶಾ ಕಾರ್ಯಕರ್ತೆಯರೂ ಕೃಷಿ ಇಲಾಖೆಯ ಸಿಬ್ಬಂದಿಯೂ ಕೊಯ್ಲಿನ ತಿಂಗಳುಗಳಲ್ಲಿ ಇದನ್ನು ಮನೆಮನೆಗೆ ತಿಳಿಸಬೇಕು.

ಕ್ರಿಮಿನಾಶಕ, ಸುಣ್ಣ, ಬೇಲಿ ಕಡಿಯುವಾಗ ಸಿಡಿಯುವ ಕಳ್ಳಿ ಹಾಲು, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಯ ದಾರಿ ಹಿಡಿಯುವ ಮೊದಲು ನಿಂತಲ್ಲೇ ತೊಳೆಯಬೇಕು. ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಕಡೆಯ ಪಕ್ಷ ಇಪ್ಪತ್ತು ನಿಮಿಷ ಸುರಿಯಿರಿ. ಸುಣ್ಣದ ಚೂರು ರೆಪ್ಪೆಯೊಳಗೆ ಉಳಿಯದಂತೆ ನೋಡಿ. ಸಿಂಪರಣೆಯ ದಿನ ಬದುವಿನ ಮೇಲೆ ಒಂದು ಬಿಂದಿಗೆ ನೀರು ಬೇರೆಯಾಗಿಯೇ ಇರಲಿ.

ಸದ್ದಿಲ್ಲದೆ ಬರುವುದು ಗ್ಲಾಕೋಮಾ. ಕಣ್ಣಿನೊಳಗೂ ಕೆರೆಯಂತೆ ನೀರು ಬರುತ್ತದೆ, ಕೋಡಿಯಲ್ಲಿ ಹೋಗುತ್ತದೆ. ಕೋಡಿ ಕಟ್ಟಿಕೊಂಡರೆ ಒತ್ತಡ ಏರಿ ನರ ಸಾಯುತ್ತದೆ. ಹೋದ ನೋಟ ಮರಳಿ ಬಾರದು. ಉಳಿದುದನ್ನು ಹನಿಯಿಂದಲೋ ಶಸ್ತ್ರಕ್ರಿಯೆಯಿಂದಲೋ ಕಾಪಾಡಬಹುದು. ತಂದೆತಾಯಿಗೆ, ಒಡಹುಟ್ಟಿದವರಿಗೆ ಇದ್ದರೆ ನಲವತ್ತು ದಾಟಿದವರು ತಪ್ಪದೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಬೇಕೇ ಬೇಕು.

ಮಕ್ಕಳ ಮೆಳ್ಳೆಗಣ್ಣು ಅದೃಷ್ಟವೆಂದು ನಂಬುವವರಿದ್ದಾರೆ. ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡಬಹುದು. ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಸೋಮಾರಿ ಕಣ್ಣಿಗೆ ಕೆಲಸ ಹಚ್ಚುತ್ತಾರೆ. ಏಳೆಂಟು ವರ್ಷದೊಳಗೆ ಮಾಡಿಸಿದರೆ ಫಲ ಹೆಚ್ಚು.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಪಾವಗಡದಲ್ಲಿ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆ, ಬೆಂಗಳೂರಿನಲ್ಲಿ ಮಿಂಟೋ ಇವೆ. ಹೋಗುವಾಗ ಅಲ್ಲಿಯವರೆಗೆ ಕಣ್ಣಿಗೆ ಏನೇನು ಬಿಟ್ಟಿರಿ ಎಂಬುದನ್ನು ಮುಚ್ಚಿಡಬೇಡಿ. ಕ್ರಿಮಿನಾಶಕ ಬಿದ್ದಿದ್ದರೆ ಬಾಟಲಿಯ ಚೀಟಿಯನ್ನೂ ಜೊತೆಗೆ ಒಯ್ಯಿರಿ.