ಆಸ್ಟ್ರೇಲಿಯದ ಮೂಲನಿವಾಸಿಗಳಿಗೆ ಭೂಸಂರಕ್ಷಣೆಯ ಉದ್ಯೋಗ



ಉತ್ತರ ಆಸ್ಟ್ರೇಲಿಯದ ಆರ್ನ್‌ಹೆಮ್ ಲ್ಯಾಂಡ್ ಪ್ರದೇಶದಲ್ಲಿ ಮಳೆಗಾಲವು ನವೆಂಬರಿನಿಂದ ಏಪ್ರಿಲ್‌ವರೆಗೆ ಇರುತ್ತದೆ. ಆಗ ಅಲ್ಲಿ ಆಳೆತ್ತರ ಮೀರಿ ಬೆಳೆಯುವ ಒಂದು ಕಾಡುಹುಲ್ಲು ನಮ್ಮ ಜೋಳದ ಕುಲಕ್ಕೇ ಸೇರಿದ್ದು. ಮಳೆ ನಿಂತೊಡನೆ ಅದು ಒಣಗಿ ನಿಲ್ಲುತ್ತದೆ. ಮುಂದೆ ಬೆಂಕಿ ಬೀಳುವುದಂತೂ ಖಂಡಿತ. ಯಾವಾಗ, ಯಾರ ಕೈಯಿಂದ ಎಂಬುದೇ ಪ್ರಶ್ನೆ.

ಮೇ-ಜುಲೈನಲ್ಲಿ ನೆಲದಲ್ಲಿ ಇನ್ನೂ ತೇವ ಉಳಿದಿರುತ್ತದೆ, ರಾತ್ರಿ ಇಬ್ಬನಿ ಬೀಳುತ್ತದೆ. ಆಗ ಹಚ್ಚಿದ ಬೆಂಕಿ ತುಂಡು ತುಂಡಾಗಿ ಉರಿದು ಹೆಚ್ಚಾಗಿ ರಾತ್ರಿಯೇ ತಾನಾಗಿ ಆರುತ್ತದೆ. ಸೆಪ್ಟೆಂಬರ್-ಅಕ್ಟೋಬರಿನ ಬೆಂಕಿ ಹಾಗಲ್ಲ; ಮರದ ನೆತ್ತಿಗೂ ಏರುತ್ತದೆ. ಇದನ್ನು ಮೂಲನಿವಾಸಿಗಳು ತಲೆತಲಾಂತರದಿಂದ ಬಲ್ಲರು. ಆದರೆ ಕಳೆದ ಶತಮಾನದಲ್ಲಿ ಅವರು ಮಿಷನ್ ಕೇಂದ್ರಗಳಿಗೂ ಪಟ್ಟಣಗಳಿಗೂ ಹೋಗಿ ನೆಲೆಸಿದ್ದರಿಂದ ಪ್ರಸ್ಥಭೂಮಿ ಬರಿದಾಯಿತು, ದೊಡ್ಡ ಬೆಂಕಿಗಳು ಹೆಚ್ಚಿದವು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 'ತರಗು ಬೆಂಕಿ'ಯೂ ಇದೇ ಬಗೆಯದು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಲು ಅದೇ ಕಾರಣವೆಂದು ಸೋಲಿಗರು ಹೇಳುತ್ತಾರೆ.

ಬರ್ದಯಾಲ್ ನಾಜಮೆರೆಕ್ ಎಂಬ ಹಿರಿಯ ಚಿತ್ರಕಾರರು ತಮ್ಮ ಜನರನ್ನು ಪ್ರಸ್ಥಭೂಮಿಗೆ ಮರಳಿ ಕರೆತಂದು, ಬೆಂಕಿಯ ವಿದ್ಯೆಯನ್ನು ಕಿರಿಯರಿಗೂ ವಿಜ್ಞಾನಿಗಳಿಗೂ ಕಲಿಸಿದರು. 2009ರಲ್ಲಿ ಅವರು ತೀರಿಕೊಳ್ಳುವ ಮುನ್ನ ಇದು ಸಂಬಳದ ಕೆಲಸವಾಗಿತ್ತು ಎಂಬುದು ಗಮನಾರ್ಹ. 1977ರಲ್ಲಿ ಆರಂಭವಾದ ಹಳೆಯ ಯೋಜನೆಯಲ್ಲಿ ಸಿಗುತ್ತಿದ್ದುದು ಹೆಚ್ಚುಕಡಿಮೆ ನಿರುದ್ಯೋಗ ಭತ್ಯೆಯಷ್ಟೇ ಹಣ. 2007ರಲ್ಲಿ ಒಕ್ಕೂಟ ಸರ್ಕಾರವು ಕಾವಲುಗಾರ ತಂಡಗಳಿಗೆ ನಿಜವಾದ ಸಂಬಳ ನೀಡುವ ಯೋಜನೆ ತಂದಿತು. ಡಾರ್ವಿನ್ ಬಳಿಯ ಅನಿಲ ಕಾರ್ಖಾನೆಯೊಂದೂ ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್ ಕೊಡಲು ಒಪ್ಪಿತು. ಸುಮಾರು 28,000 ಚದರ ಕಿಲೋಮೀಟರಿನಲ್ಲಿ ಮೊದಲೇ ಹಗುರವಾಗಿ ಸುಟ್ಟು ದೊಡ್ಡ ಬೆಂಕಿ ತಡೆದರೆ ಮೀಥೇನ್, ನೈಟ್ರಸ್ ಆಕ್ಸೈಡ್ ಅನಿಲಗಳು ಕಡಿಮೆಯಾಗುತ್ತವೆ. ಆ ಉಳಿತಾಯಕ್ಕೆ ಸಿಗುವ ಬೆಲೆ ಇದು. ಇಂಗಾಲದ ಡೈಆಕ್ಸೈಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರುವರ್ಷದ ಹುಲ್ಲು ಅದನ್ನು ಮರಳಿ ಹೀರಿಕೊಳ್ಳುತ್ತದಷ್ಟೆ.

ತರಬೇತಿಯ ವಿಚಾರ. ಸಂರಕ್ಷಣೆ ಮತ್ತು ಭೂ ನಿರ್ವಹಣೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸರ್ಟಿಫಿಕೇಟ್ ಶಿಕ್ಷಣವಿದೆ. ನಕ್ಷೆ ಓದುವುದು, ಹೆಲಿಕಾಪ್ಟರಿನಿಂದ ಬೆಂಕಿ ಹಾಕುವುದು, ಕಾಡೆಮ್ಮೆಗಳ ಸಂಖ್ಯೆ ತಗ್ಗಿಸುವುದು, ನಮ್ಮ ಮುಟ್ಟಿದರೆ ಮುನಿಯ ದೊಡ್ಡ ದಾಯಾದಿಯಾದ ಮುಳ್ಳುಕಳೆಗೆ ಔಷಧ ಸಿಂಪಡಿಸುವುದು ಇವೆಲ್ಲ ಕಲಿಯಬೇಕಾದ ಕೆಲಸಗಳೇ. ಆದರೆ ಗಾಳಿ ನೋಡಿ ಎಲ್ಲಿ ಕಡ್ಡಿ ಗೀರಬೇಕೆಂಬುದನ್ನು ಹಿರಿಯರ ಜೊತೆ ನಡೆದೇ ಕಲಿಯಬೇಕು. ಕೆಲಸದ ಭರವಸೆಯಿಲ್ಲದೆ ಬರೀ ಸರ್ಟಿಫಿಕೇಟ್ ಹಂಚಿದರೆ ಪ್ರಯೋಜನ ಅಲ್ಪ. ಅನುದಾನವು ಕೆಲವೇ ವರ್ಷಗಳ ಕರಾರಿನದಾದರೂ ಅಷ್ಟೇ, ಕಲಿತವರು ಚದುರಿ ಹೋಗುತ್ತಾರೆ.

ಇನ್ನೊಂದು ತೊಡಕು ಮಕ್ಕಳ ಓದು. ಶಾಲೆಗಾಗಿ ಕುಟುಂಬಗಳು ಪಟ್ಟಣ ಸೇರಿದರೆ ಬೆಂಕಿ ಹಚ್ಚುವವರೂ ಇರುವುದಿಲ್ಲ, ಕಲಿಯುವವರೂ ಇರುವುದಿಲ್ಲ. 2015ರಲ್ಲಿ ಕಬುಲ್‌ವಾರ್ನಮ್ಯೋ ಎಂಬ ಆ ಪುಟ್ಟ ನೆಲೆಯಲ್ಲೇ ಶಾಲೆ ತೆರೆಯಲಾಯಿತು. ಅಲ್ಲಿ ಮಕ್ಕಳು ತಮ್ಮ ಭಾಷೆ, ಇಂಗ್ಲಿಷ್ ಎರಡರಲ್ಲೂ ಓದುತ್ತಾರೆ.